ಏಳನೆಯ ಕೋಣೆಯ ಕ್ರಿಯಾಪದ

ಟಾಡ್‌ಮೊರ್ಡನ್ನಿನ ವೃದ್ಧಾಶ್ರಮದಲ್ಲಿ ನನ್ನ ಮೊದಲ ರಾತ್ರಿಪಾಳಿ.
ಎರಡೂವರೆಗೆ ಏಳನೆಯ ಕೋಣೆಯ ಗಂಟೆ.
ಎನಿಡ್ ಕ್ರಾಬ್‌ಟ್ರೀ, ತೊಂಬತ್ತೊಂದು.
ಹತ್ತಿಗಿರಣಿಯಲ್ಲಿ ನಾಲ್ಕು ಮಗ್ಗ ನೋಡಿಕೊಂಡವಳು,
ಆ ಗದ್ದಲದಲ್ಲೇ ತುಟಿ ಓದಲು ಕಲಿತವಳು.
ಈಗಲೂ ಕಣ್ಣಲ್ಲ, ನನ್ನ ಬಾಯನ್ನೇ ನೋಡುತ್ತ ಅಂದಳು:
"ಸ್ಟಾರ್ವ್ಡ್ ಆಗಿದೀನಿ ಕಣೆ ಹುಡುಗಿ."

ಹಸಿವು ಅಂದುಕೊಂಡೆ. ಶಾಲೆಯ ಇಂಗ್ಲಿಷು ಅಷ್ಟನ್ನೇ ಕಲಿಸಿತ್ತು.
ಬ್ರೆಡ್ಡು ಸುಟ್ಟೆ, ಬೆಣ್ಣೆ ಸವರಿದೆ, ಚಹಾ ತಂದೆ.
ತಪ್ಪು ವಿಳಾಸಕ್ಕೆ ಬಂದ ಕಾಗದವನ್ನು ನೋಡುವ ಹಾಗೆ
ತಟ್ಟೆಯನ್ನು ನೋಡಿ ಪಕ್ಕಕ್ಕೆ ಸರಿಸಿದಳು.
ಮತ್ತೆ ಅದೇ ಮಾತು,
ಈ ಸಲ ಇನ್ನೂ ಮೆಲ್ಲಗೆ.

ಆಗ ಅದು ನನ್ನ ಇನ್ನೊಂದು ಕಿವಿಗೆ ಬಿತ್ತು.
ಜರ್ಮನಿಯ ಬಡಗಣ ಅಂಚಿನಲ್ಲಿ, ಸಮುದ್ರಕ್ಕಿಂತ ತಗ್ಗಾದ ಹೊಲಗಳ ನಡುವೆ
ನನ್ನ ಅಜ್ಜಿ ತಾಲ್ಕೆ ಆಡುತ್ತಿದ್ದ ಹಳೆಯ ನುಡಿಯಲ್ಲಿ
ಸ್ಟಾರ್ವೆನ್ ಎಂದರೆ ಸಾಯುವುದು.
ಪಾದ್ರಿಗೂ ಅದೇ, ಕಂದಕ ತೋಡುವವನಿಗೂ ಅದೇ.
ಓಡಿದೆ. ವಾಪಸು ಬಂದು ನಾಡಿ ಹಿಡಿದೆ, ಮತ್ತೆ ಓಡಿದೆ.
ಹಿರಿಯ ದಾದಿ ಮಾರ್ಲೀನ್ ಕಣ್ಣುಜ್ಜುತ್ತ ಬಂದು
ಎನಿಡಳ ಪಾದ ಮುಟ್ಟಿ ನಕ್ಕೇಬಿಟ್ಟಳು.
"ಚಳಿ, ವೀಬ್ಕೆ! ಇಲ್ಲಿನ ಹಳಬರಿಗೆ ಸ್ಟಾರ್ವ್ಡ್ ಅಂದ್ರೆ ಚಳಿ.
ಹಸಿವಾಗಿದ್ರೆ ಕ್ಲೆಮ್ಡ್ ಅಂತಿದ್ಳು.
ಆ ರೇಡಿಯೇಟರು ಸತ್ತು ಮೂರು ದಿನ ಆಯ್ತು ನೋಡು."

ಮುಂದಿನ ವಾರ ಗ್ರಂಥಾಲಯದಲ್ಲಿ, ಕುಂಟುವ ಕುರ್ಚಿಯ ಮೇಲೆ ಕೂತು
ಆ ಕ್ರಿಯಾಪದದ ಜಾತಕ ತೆಗೆದೆ.
ಹುಟ್ಟಿನಲ್ಲಿ ಅದು ಬರೀ ಸೆಟೆಯುವುದಾಗಿತ್ತು ಎಂದು ಕೆಲವರ ಊಹೆ:
ಮರದ ಹಾಗೆ, ಹಗ್ಗದ ಮೇಲೆ ಮರೆತ ಒದ್ದೆ ಬಟ್ಟೆ
ಹಿಮಕ್ಕೆ ಸೆಟೆಯುವ ಹಾಗೆ.
ನಮ್ಮ ಮರಳುದಂಡೆಗಳಿಂದಲೇ ದೋಣಿ ಹತ್ತಿತಂತೆ,
ಸಾವಿನ ಪೂರ್ತಿ ಆಸ್ತಿ ಹೆಗಲ ಮೇಲೆ.
ಆಗ ಕತ್ತಿಗೆ ಸಿಕ್ಕವರೂ ಸ್ಟಾರ್ವ್ ಆದರು,
ಉಂಡುಟ್ಟು ಚೆನ್ನಾಗಿದ್ದ ಪ್ರೇಮಿಗಳು ವಿರಹಕ್ಕೆ ಆದರು,
ಶಿಲುಬೆಯ ಮೇಲೆ ಕ್ರಿಸ್ತನೂ
ಅದೇ ಕ್ರಿಯಾಪದದಲ್ಲಿ ಪ್ರಾಣ ಬಿಟ್ಟ.

ಆಮೇಲೆ, ಬಡಗಣ ಹಡಗಿನವರ ಹಿಂದೆ, ಡೈ ಬಂತು.
ಗಿಡ್ಡ ಮಾತು, ಒಂದೇ ಉಸಿರು, ನಾಲಿಗೆಗೆ ಹಗುರ.
ನಡುಮನೆ ಅದರದಾಯಿತು.
ಹಳೆಯದಕ್ಕೆ ಉಳಿದದ್ದು ಹಿತ್ತಿಲ ಕಡೆಯ ಎರಡು ಕೋಣೆ,
ಒಂದರಲ್ಲಿ ಹಸಿವು, ಇನ್ನೊಂದರಲ್ಲಿ ಚಳಿ.
ಯಾರು ಪಾಲು ಮಾಡಿದರೋ. ಯಾವ ಪತ್ರವೂ ಇಲ್ಲ.
ಬಡವರನ್ನು ಹೆಚ್ಚಾಗಿ ಕೊಂದದ್ದು ಯಾವುದು ಎಂದು
ಊರೂರಿನಲ್ಲಿ ಹೆಣ ತೊಳೆದವರು ಬಲ್ಲರು.

ಈಗ ಬಸ್ಸಿನಲ್ಲಿ ಹುಡುಗರು, ಮಡಿಲಲ್ಲಿ ಚಿಪ್ಸಿನ ಪೊಟ್ಟಣವಿದ್ದೂ
"ಸ್ಟಾರ್ವಿಂಗ್" ಎನ್ನುತ್ತಾರೆ.
ಸಾವಿರ ವರ್ಷದ ಸಾವು
ಮಧ್ಯಾಹ್ನದ ಬಾಯಿಚಪಲಕ್ಕೆ ಚಿಲ್ಲರೆಯಾಗಿದೆ.
ಬೈಯಲಾರೆ. ಚಿಲ್ಲರೆಯಾಗಿಯಾದರೂ ಕೈಯಿಂದ ಕೈಗೆ ಓಡಾಡುತ್ತಿದೆ.
ಅಜ್ಜಿಯ ನುಡಿ ನನ್ನ ತಂಗಿಯ ಮಕ್ಕಳಿಗೆ ಬರುವುದೇ ಇಲ್ಲ.

ಎನಿಡಳಿಗೆ ಇದನ್ನೆಲ್ಲ ಹೇಳಿದೆ, ತುಟಿ ಅಗಲಿಸಿ, ನಿಧಾನವಾಗಿ,
ಅವಳ ಎರಡೂ ಪಾದಗಳನ್ನು ಅಂಗೈಗಳ ನಡುವೆ ತಿಕ್ಕುತ್ತ.
ಸ್ಟಾರ್ವೆನ್, ಎಂದು ಸದ್ದಿಲ್ಲದೆ ಬಾಯಾಡಿಸಿ ನೋಡಿದಳು,
ಹೊಸ ದವಡೆಹಲ್ಲು ಕೂರುತ್ತದೋ ಇಲ್ಲವೋ ಎಂಬಂತೆ.
"ಹಂಗಾದ್ರೆ ಅಕ್ಟೋಬರಿಂದ ಏಪ್ರಿಲ್ ತನಕ
ದಿನಾ ಸತ್ತಿದೀನಿ ಅನ್ನು. ಗಿರಣಿಯವರು
ಒಂದು ದಿನಾನೂ ರಜಾ ಕೊಡ್ಲಿಲ್ಲ."

ಮೂರನೆಯ ಕಂಬಳಿ ಹೊದಿಸಿದೆ.
ಮಾತಿನ ಭರದಲ್ಲಿ ಚಹಾ ಮರೆತಿತ್ತು.
ಬಟ್ಟಲಿಗೆ ಒಂದು ಬೆರಳು ತಾಗಿಸಿ
ನನ್ನ ಕಡೆ ತಿರುಗಿದಳು:
"ಇದೂ ಸ್ಟಾರ್ವ್ಡ್."